ಮುಳ್ಳು ನಟ್ಟನಡುವೆ, ರೀಡರ್‌ನಲ್ಲಿ 106 ಡಿಗ್ರಿ: ಯಾವುದನ್ನು ನಂಬೋದು?

ಬಾನೆಟ್‌ಬಾಗಿಲು
ಪೆಟ್ರೋಲ್ ಕಾರು, ಅಲ್ಯೂಮಿನಿಯಂ ರೇಡಿಯೇಟರ್, ಎಲೆಕ್ಟ್ರಿಕ್ ಫ್ಯಾನ್. ಓಬಿಡಿ ರೀಡರ್ (ಕಾರಿನ ಕಂಪ್ಯೂಟರಿನ ಅಂಕಿ ಓದೋ ಸಾಧನ) ಹಾಕಿದಾಗ ಬಂದ ಕೂಲೆಂಟ್ (ಎಂಜಿನ್ ತಣಿಸೋ ದ್ರವ) ತಾಪದ ಅಂಕಿಗಳು ಹೀಗಿವೆ. ಖಾಲಿ ರಸ್ತೆಯಲ್ಲಿ 80 ಕಿ.ಮೀ. ವೇಗಕ್ಕೆ 91ರಿಂದ 93 ಡಿಗ್ರಿ. ಎಸಿ ಇಲ್ಲದೆ ನಿಂತರೆ 98. ಎಸಿ ಹಾಕಿ ಹತ್ತು ನಿಮಿಷ ನಿಂತರೆ 106, ಅಲ್ಲಿಗೂ ನಿಲ್ಲದೆ ಮೆಲ್ಲಗೆ ಏರ್ತಾನೇ ಇರುತ್ತೆ. ಇಷ್ಟಾದರೂ ಡ್ಯಾಶ್‌ಬೋರ್ಡಿನ ಮುಳ್ಳು ನಡುವೆಯೇ, ಕೂದಲೆಳೆಯಷ್ಟೂ ಅಲುಗಾಡಿಲ್ಲ. ಕೂಲೆಂಟ್ ಮಟ್ಟ ಸರಿಯಾಗಿದೆ. ಎರಡರಲ್ಲಿ ಸುಳ್ಳು ಹೇಳ್ತಿರೋದು ಯಾವುದು? ರೇಡಿಯೇಟರ್ ಫ್ಲಶ್ (ಒಳಗಿನಿಂದ ತೊಳೆಯೋದು) ಮಾಡಿಸಿದರೆ ಸರಿಹೋಗುತ್ತಾ?

ತಂಪುನೀರು
ರೀಡರ್ ನಂಬಿ. ಮುಳ್ಳು ಸುಳ್ಳು ಹೇಳ್ತಿಲ್ಲ, ಬಾಯಿ ಬಿಡ್ತಿಲ್ಲ ಅಷ್ಟೇ.

ಈಗಿನ ಬಹುತೇಕ ಕಾರುಗಳಲ್ಲಿ ಮುಳ್ಳು ನೇರವಾಗಿ ಸೆನ್ಸರ್‌ಗೆ ಕಟ್ಟಿಕೊಂಡಿರಲ್ಲ. ಸೆನ್ಸರ್ ಅಂಕಿ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಹೋಗುತ್ತೆ, ಅಲ್ಲಿಂದ ಮೀಟರ್ ಕ್ಲಸ್ಟರ್‌ಗೆ ಬರುತ್ತೆ. ಸುಮಾರು 75ರಿಂದ 110 ಡಿಗ್ರಿವರೆಗೆ ಏನೇ ಬಂದರೂ ಕ್ಲಸ್ಟರ್ ಮುಳ್ಳನ್ನು ನಡುವೆಯೇ ಹಿಡಿದಿಡುತ್ತೆ. ಈ ಪಟ್ಟಿ ಮಾಡೆಲ್‌ನಿಂದ ಮಾಡೆಲ್‌ಗೆ ಸ್ವಲ್ಪ ಆಚೀಚೆ ಆಗುತ್ತೆ. ಮುಳ್ಳು ಚೂರು ಆಡಿದರೂ ಗಾಬರಿ ಬೀಳೋರಿಗೋಸ್ಕರ ಮಾಡಿರೋ ಏರ್ಪಾಟು ಇದು. ಇದರಿಂದಾಗೋ ನಷ್ಟ ಏನು ಅಂದ್ರೆ, ಮುಳ್ಳು ನಡುವಿನಿಂದ ಎದ್ದಿತು ಅನ್ನೋ ಹೊತ್ತಿಗೆ ಆಗಲೇ ತಡವಾಗಿರುತ್ತೆ. ಹಳೇ ಕಾರುಗಳಲ್ಲಿ ಮೀಟರ್‌ಗೇ ಅಂತ ಒಂದೇ ವೈರಿನ ಬೇರೆ ಸೆನ್ಸರ್ ಇರ್ತಿತ್ತು, ಆ ಮುಳ್ಳು ನಿಜವಾಗಿ ಆಡ್ತಿತ್ತು.

ರೀಡರ್ ಅಂಕಿಯನ್ನೂ ಒಮ್ಮೆ ತಾಳೆ ನೋಡಿ. ಗಾಡಿ ರಾತ್ರಿಯೆಲ್ಲಾ ನಿಂತಿರಲಿ. ಬೆಳಿಗ್ಗೆ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಹಾಕಿ ಕೂಲೆಂಟ್ ತಾಪ, ಒಳಗೆಳೆಯೋ ಗಾಳಿಯ ತಾಪ ಎರಡನ್ನೂ ನೋಡಿ. ಎರಡಕ್ಕೂ 2–3 ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು. ಅದಕ್ಕಿಂತ ಹೆಚ್ಚಿದ್ದರೆ ಸೆನ್ಸರ್ ಅಥವಾ ಅದರ ಕನೆಕ್ಟರ್ ಮೇಲೆ ಅನುಮಾನ ಪಡಬೇಕು. ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತೆ. ಸಾಮಾನ್ಯವಾಗಿ ಸಿಗೋ ಬಗೆಯಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, 80ಕ್ಕೆ 320ರ ಆಸುಪಾಸು, 100ಕ್ಕೆ 190ರ ಹತ್ತಿರ. ವೈರ್ ಕಿತ್ತು ಬಂದಿದ್ದರೆ ರೀಡರ್ ಮೈನಸ್ 40 ತೋರಿಸುತ್ತೆ. ವೈರ್ ಶಾರ್ಟ್ ಆಗಿದ್ದರೆ 130ರ ಮೇಲಕ್ಕೆ ಹಾರುತ್ತೆ. ಈ ಎರಡು ತುದಿಯ ಅಂಕಿ ಕಂಡರೆ ಎಂಜಿನ್ ಬಿಟ್ಟು ವೈರಿಂಗ್ ನೋಡಿ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಕೂಲೆಂಟ್ ಪೂರ್ತಿ ಸೋರಿಹೋದರೆ ಸೆನ್ಸರ್ ದ್ರವದಲ್ಲಿ ಮುಳುಗಿರಲ್ಲ, ಬರೀ ಹಬೆಯಲ್ಲಿ ನೇತಾಡ್ತಿರುತ್ತೆ. ಆಗ ಹೆಡ್ (ಎಂಜಿನ್ನಿನ ಮೇಲ್ಭಾಗ) ಸುಟ್ಟುಹೋಗ್ತಿದ್ದರೂ ರೀಡರ್ 80–90 ತೋರಿಸಬಹುದು. ಬಿಸಿ ಆಗಿದ್ದ ಎಂಜಿನ್ನಿನ ಅಂಕಿ ಏಕಾಏಕಿ ಕೆಳಗೆ ಬಿತ್ತು, ಹೀಟರ್‌ನಿಂದ ತಣ್ಣನೆ ಗಾಳಿ ಬರ್ತಿದೆ ಅಂದ್ರೆ ಅದು ಒಳ್ಳೇ ಸುದ್ದಿ ಅಲ್ಲ. ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ.

ಹನ್ನೆರಡರ ಪಾನ
106 ಅಂಕಿಗೇ ಹೆದರಬೇಕಿಲ್ಲ. ಅರ್ಧ ಕೂಲೆಂಟ್ ಅರ್ಧ ನೀರಿನ ಮಿಶ್ರಣ ತೆರೆದ ಪಾತ್ರೆಯಲ್ಲೂ 107ರ ಸುಮಾರಿಗೆ ಕುದಿಯೋದು. ರೇಡಿಯೇಟರಿನ 1.1 ಬಾರ್ ಒತ್ತಡದ ಮುಚ್ಚಳ ಸರಿಯಾಗಿ ಹಿಡಿದಿದ್ದರೆ ಅದು 128–130ಕ್ಕೆ ಹೋಗುತ್ತೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡೋ ವಾಲ್ವ್) ಇಸಿಯು ಕೈಯಲ್ಲಿರುತ್ತೆ. ಹೊರೆ ಕಡಿಮೆ ಇದ್ದಾಗ ಅದು ಬೇಕೆಂದೇ 105 ಇಟ್ಟುಕೊಳ್ಳುತ್ತೆ, ಆಕ್ಸಿಲರೇಟರ್ ಒತ್ತಿದಾಗ 85–90ಕ್ಕೆ ಇಳಿಸುತ್ತೆ. ಹಾಗಾಗಿ 105 ಕಂಡ ಕೂಡಲೇ ಪಾನ (ಸ್ಪ್ಯಾನರ್) ಹಿಡಿಯೋದು ತಪ್ಪು.

ನಿಮ್ಮ ಕೇಸಲ್ಲಿ ತಲೆ ಕೆಡಿಸಬೇಕಾದ ಮಾತು "ಏರ್ತಾನೇ ಇರುತ್ತೆ" ಅನ್ನೋದು. ಫ್ಯಾನ್ ಪೂರ್ತಿ ತಿರುಗುತ್ತಿದ್ದಾಗ ಅಂಕಿ ಒಂದು ಕಡೆ ನಿಲ್ಲಬೇಕು, ಇಲ್ಲಾ ಇಳಿಯಬೇಕು. ಯಾವಾಗ ಏರುತ್ತೆ ಅನ್ನೋದರಲ್ಲೇ ಅರ್ಧ ಉತ್ತರ ಇದೆ:

ನಿಂತಾಗ ಏರಿ, ಓಡಿದಾಗ ಇಳಿದರೆ ಗಾಳಿ ಸಾಲ್ತಿಲ್ಲ. ಫ್ಯಾನ್, ಅದರ ಕವಚ, ಇಲ್ಲವೇ ರೇಡಿಯೇಟರಿನ ಹೊರಗಿನ ಫಿನ್ನುಗಳು (ಗಾಳಿಗೆ ಬಿಸಿ ಬಿಡೋ ತೆಳು ತಗಡುಗಳು).
ನಿಂತಾಗ ಚೆನ್ನಾಗಿದ್ದು, ಏರು ರಸ್ತೆಯಲ್ಲಿ, ವೇಗದಲ್ಲಿ ಏರಿದರೆ ನೀರು ಸಾಲ್ತಿಲ್ಲ. ಒಳಗೆ ಕಟ್ಟಿಕೊಂಡ ಟ್ಯೂಬು, ಸವೆದ ಪಂಪ್ ಇಂಪೆಲ್ಲರ್ (ನೀರು ತಳ್ಳೋ ಚಕ್ರ), ಅರ್ಧವೇ ತೆರೆಯೋ ಥರ್ಮೋಸ್ಟಾಟ್, ಹೀರುವಿಕೆಗೆ ಒಳಕ್ಕೆ ಅಮರೋ ಕೆಳಗಿನ ಹೋಸ್.
ಓಡುವಾಗ 70ಕ್ಕೆ ಬಿದ್ದು ನಿಂತಾಗ ಸರಿಹೋದರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ. ರೀಡರ್‌ನಲ್ಲಿ ಪಿ0128 ಅನ್ನೋ ದೋಷದ ಕೋಡ್ ಬರೋದು ಇದಕ್ಕೇ. ಡೀಸೆಲ್ ಪೆಟ್ರೋಲ್ ಎರಡರಲ್ಲೂ ಇಂಧನ ಹೆಚ್ಚು ಕುಡಿಯುತ್ತೆ.
ಹೊತ್ತು ಗೊತ್ತಿಲ್ಲದೆ ಏರಿಳಿದರೆ ಒಳಗೆ ಗಾಳಿ ಸೇರಿದೆ.

ನಿಮ್ಮದು ಮೊದಲನೇದು. ಹಾಗಾಗಿ ಫ್ಲಶ್ ಮಾಡಿಸೋ ಆಲೋಚನೆ ಸದ್ಯಕ್ಕೆ ಬಿಡಿ. ಎಸಿ ಹಾಕಿದ ತಕ್ಷಣ ಫ್ಯಾನ್ ತಿರುಗಬೇಕು, 100 ದಾಟಿದ ಮೇಲೆ ಅದರ ಸದ್ದು ಜೋರಾಗಬೇಕು. ಜೋರು ಮಾತ್ರ ಬಂದು ನಿಧಾನದ ವೇಗ ಇಲ್ಲದಿದ್ದರೆ ಫ್ಯಾನಿನ ವೇಗ ಇಳಿಸೋ ರೆಸಿಸ್ಟರ್ ಸುಟ್ಟಿದೆ. ಎರಡೂ ಇದ್ದರೆ ಒಂದು ಹಾಳೆ ಪೇಪರ್ ತಗೊಂಡು ಮುಂದಿನ ಗ್ರಿಲ್ ಹತ್ತಿರ, ರೇಡಿಯೇಟರ್ ಮುಂದಿರೋ ಎಸಿ ಕಂಡೆನ್ಸರ್ ಮೇಲೆ ಬಿಡಿ. ಫ್ಯಾನ್ ಅದನ್ನು ಎಳೆದು ಅಂಟಿಸಿಕೊಳ್ಳಬೇಕು.

ಬಾನೆಟ್‌ಬಾಗಿಲು
ಸೆನ್ಸರ್ ತಾಳೆ ಆಯ್ತು, ಬೆಳಿಗ್ಗೆ ಎರಡೂ ಅಂಕಿಗೆ ಒಂದೇ ಡಿಗ್ರಿ ಅಂತರ. ಫ್ಯಾನಿನ ಎರಡೂ ವೇಗ ಇವೆ. ಪೇಪರ್ ಮೇಲ್ಭಾಗದಲ್ಲಿ ಅಂಟುತ್ತೆ, ಕೆಳಗಿನ ಮೂರನೇ ಒಂದು ಭಾಗದಲ್ಲಿ ಜಾರಿ ಬೀಳುತ್ತೆ.

ಲೆಕ್ಕಾಚಾರಿ
ಹಾಗಾದರೆ ರೋಗ ಎಲ್ಲಿದೆ ಅಂತ ಬಹುಮಟ್ಟಿಗೆ ಸಿಕ್ಕಿತು. ಖಚಿತ ಮಾಡಿಕೊಳ್ಳೋಕೆ ರೇಡಿಯೇಟರ್‌ಗೆ ಒಳಹೋಗೋ ಮೇಲಿನ ಹೋಸ್, ಹೊರಬರೋ ಕೆಳಗಿನ ಹೋಸ್ ಎರಡರ ತಾಪ ಅಳೆಯಿರಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಆದರೆ ಅದನ್ನು ಮಿರುಗೋ ಅಲ್ಯೂಮಿನಿಯಂ ಮೇಲೆ ಹಿಡೀಬೇಡಿ, ಹೊಳಪಿನ ಲೋಹ 90 ಇದ್ದರೂ 50 ಅಂತ ತೋರಿಸುತ್ತೆ. ಕಪ್ಪು ರಬ್ಬರ್ ಹೋಸ್ ಮೇಲೆ, ಐದು ಸೆಂಟಿಮೀಟರ್ ದೂರದಿಂದ ಹಿಡೀರಿ. ಲೋಹದ ಮೇಲೇ ಬೇಕಿದ್ದರೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ. ರಬ್ಬರ್ ಹೊರಮೈ ಒಳಗಿನ ದ್ರವಕ್ಕಿಂತ ಕೆಲವು ಡಿಗ್ರಿ ತಣ್ಣಗೆ ಇರುತ್ತೆ. ಎರಡೂ ಹೋಸಿಗೂ ಅದು ಅನ್ವಯಿಸೋದರಿಂದ ವ್ಯತ್ಯಾಸಕ್ಕೆ ಅಷ್ಟೇನೂ ತೊಂದರೆ ಇಲ್ಲ.

ಲೆಕ್ಕ ಸುಲಭ. ನಿಮಿಷಕ್ಕೆ 60 ಲೀಟರ್ ಹರಿದರೆ ಸೆಕೆಂಡಿಗೆ ಸುಮಾರು 1 ಕಿಲೋ. ಅರ್ಧರ್ಧ ಮಿಶ್ರಣದ 1 ಕಿಲೋಗೆ 1 ಡಿಗ್ರಿ ಇಳಿಸೋಕೆ ಸುಮಾರು 3.5 ಕಿಲೋಜೂಲ್ ತೆಗೀಬೇಕು. ಎಂಜಿನ್ 30 ಕಿಲೋವಾಟ್ ಬಿಸಿ ಕೊಟ್ಟರೆ ಒಳಗೂ ಹೊರಗೂ ಅಂತರ 8–9 ಡಿಗ್ರಿ. ಅದೇ ಟ್ಯೂಬು ಕಟ್ಟಿಕೊಂಡು ಹರಿವು 20 ಲೀಟರ್‌ಗೆ ಇಳಿದರೆ ಅಂತರ 25 ದಾಟುತ್ತೆ. ಅಂತರ ದೊಡ್ಡದಿದ್ದರೆ ಕೊಳೆ ಒಳಗೆ, ಅಂತರ ಚಿಕ್ಕದಿದ್ದು ಎರಡೂ ಹೋಸ್ ಕುದೀತಾ ಇದ್ದರೆ ಕೊಳೆ ಹೊರಗೆ.

ತಂಪುನೀರು
ಒಂದು ತಿದ್ದುಪಡಿ. ಅಂಕಿ ಒಂದು ಕಡೆ ನಿಂತುಬಿಟ್ಟ ಮೇಲೆ ಅಂತರ ಹೇಳೋದು ಹರಿವಿನ ಕತೆಯನ್ನು ಮಾತ್ರ. ಫಿನ್ನು ಎಷ್ಟೇ ಕೊಳಕಾಗಿರಲಿ, ತಾಪ 110ಕ್ಕೆ ಹೋಗಿ ಸ್ಥಿರವಾಯ್ತು ಅಂದ್ರೆ ಎಂಜಿನ್ ಕೊಟ್ಟಷ್ಟು ಬಿಸಿಯನ್ನು ರೇಡಿಯೇಟರ್ ಬಿಡ್ತಿದೆ ಅಂತ ಅರ್ಥ, ಅಂತರ ಮಾಮೂಲಿನಷ್ಟೇ ಬರುತ್ತೆ. ಹೊರಗಿನ ಕೊಳೆ ಹಿಡಿಯಬೇಕಾದರೆ ತಾಪ ಏರುತ್ತಿರುವಾಗಲೇ ಅಳೀಬೇಕು. ಥರ್ಮೋಸ್ಟಾಟ್ ಪೂರ್ತಿ ತೆರೆದಿರಲೂಬೇಕು. 82 ಅಂತ ಮುದ್ರೆ ಇದ್ದರೆ ಅದು ತೆರೆಯೋಕೆ ಶುರುಮಾಡೋ ಅಂಕಿ, ಪೂರ್ತಿ ತೆರೆಯೋದು ಇನ್ನೂ 10–15 ಡಿಗ್ರಿ ಮೇಲೆ. ಮುಚ್ಚಿದ ಥರ್ಮೋಸ್ಟಾಟ್ ಇಟ್ಟುಕೊಂಡು ಅಳೆದು "40 ಡಿಗ್ರಿ ಅಂತರ, ರೇಡಿಯೇಟರ್ ಬ್ಲಾಕ್" ಅಂತ ಹೊಸದು ಹಾಕಿಸೋರು ಬಹಳ ಜನ.

ಲೆಕ್ಕಾಚಾರಿ
ಒಪ್ಪಿದೆ, ಸರ್. ಅದನ್ನು ಸೇರಿಸಬೇಕಿತ್ತು.

ಬಾನೆಟ್‌ಬಾಗಿಲು
ಎಸಿ ಹಾಕಿ, 103ರಿಂದ 106ಕ್ಕೆ ಏರುವಾಗ ಅಳೆದದ್ದು: ಮೇಲಿನ ಹೋಸ್ 97, ಕೆಳಗಿನದು 93.

ಹನ್ನೆರಡರ ಪಾನ
ನಾಲ್ಕೇ ಡಿಗ್ರಿ, ಅದೂ ಏರುತ್ತಿರುವಾಗ. ನೀರು ಓಡಾಡ್ತಿದೆ, ಬಿಸಿ ಬಿಡೋಕೆ ಗಾಳಿ ಇಲ್ಲ. ಹೊರಗೆ ತೊಳೀರಿ.

ಎಲ್ಲರೂ ತಪ್ಪೋದು ಇಲ್ಲೇ. ಗ್ರಿಲ್‌ನಿಂದ ಇಣುಕಿದರೆ ಕಾಣೋದು ಎಸಿ ಕಂಡೆನ್ಸರ್, ರೇಡಿಯೇಟರ್ ಅಲ್ಲ. ಅದರ ಹಿಂದೆ ಒಂದೆರಡು ಬೆರಳಿನ ಸಂದು ಬಿಟ್ಟು ರೇಡಿಯೇಟರ್ ನಿಂತಿದೆ. ಕಂಡೆನ್ಸರ್ ದಾಟಿ ಬಂದ ನಯವಾದ ಧೂಳು, ಹತ್ತಿಯಂಥ ಬೀಜದ ಎಳೆ, ಹುಳದ ರೆಕ್ಕೆ ಎಲ್ಲಾ ರೇಡಿಯೇಟರಿನ ಮುಂಮೈಗೆ ಬಂದು ಕೂರುತ್ತೆ. ಎಂಜಿನ್ ಎಣ್ಣೆಯ ಹಬೆ ಸೇರಿದರೆ ಅದು ಕಂಬಳಿ ಥರ ಆಗುತ್ತೆ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಫಳಫಳ, ಹಿಂದಿನಿಂದ ನೋಡಿದರೆ ರೇಡಿಯೇಟರ್ ಫಳಫಳ, ನಡುವೆ ಮಾತ್ರ ಕಂಬಳಿ. ಕೆಳಭಾಗದಲ್ಲೇ ಜಾಸ್ತಿ ಕೂರೋದು, ನಿಮ್ಮ ಪೇಪರ್ ಜಾರಿದ್ದೂ ಅಲ್ಲೇ. ಸಂದಿನೊಳಗೆ ಟಾರ್ಚ್ ಬಿಟ್ಟು ಮೇಲಿನಿಂದ ನೋಡಿ. ನಿಂತಾಗ ಎಸಿ ತಂಪು ಕಡಿಮೆಯಾಗಿ ಓಡುವಾಗ ಸರಿಹೋಗ್ತಿದ್ದರೆ ಅದೂ ಇದೇ ಕೊಳೆಯ ಗುರುತು.

ಎಂಜಿನ್ ಪೂರ್ತಿ ತಣಿಯಲಿ. ಬ್ಯಾಟರಿಯ ನೆಗೆಟಿವ್ ತೆಗೀರಿ, ಇಲ್ಲವೇ ಫ್ಯಾನಿನ ಕನೆಕ್ಟರ್ ಕಳಚಿ. ಕೆಲವು ಗಾಡಿಗಳಲ್ಲಿ ಇಗ್ನಿಷನ್ ಆಫ್ ಇದ್ದರೂ ಫ್ಯಾನ್ ತಾನಾಗಿ ತಿರುಗುತ್ತೆ, ಬೆರಳು ಹೋದ ಮೇಲೆ ಗೊತ್ತಾದರೆ ಪ್ರಯೋಜನ ಇಲ್ಲ. ಫ್ಯಾನ್ ಮತ್ತು ಕವಚ ಒಟ್ಟಿಗೆ ಕಳಚಿ ಮೇಲೆ ಎತ್ತಿ. ಮೇಲಿನ ಎರಡು ಬ್ರಾಕೆಟ್ ಬಿಚ್ಚಿದರೆ ಬಹಳ ಗಾಡಿಗಳಲ್ಲಿ ರೇಡಿಯೇಟರ್ ಎಂಜಿನ್ ಕಡೆಗೆ ಕೊಂಚ ವಾಲುತ್ತೆ, ಸಂದು ಅಗಲವಾಗುತ್ತೆ. ಹೋಸ್ ಬಿಚ್ಚಬೇಕಿಲ್ಲ. ಎಸಿ ಪೈಪಿಗಂತೂ ಕೈ ಹಾಕಲೇಬೇಡಿ, ಒಳಗೆ ಒತ್ತಡದ ಗ್ಯಾಸ್ ಇದೆ.

ಮೊದಲು ಒಣಗಿದ್ದಾಗಲೇ ಮೆತ್ತನೆ ಬ್ರಷ್‌ನಿಂದ ಫಿನ್ನಿನ ಉದ್ದಕ್ಕೆ ಎಳೆದು ಕಂಬಳಿ ತೆಗೀರಿ, ವ್ಯಾಕ್ಯೂಮ್ ಇದ್ದರೆ ಇನ್ನೂ ವಾಸಿ. ಅಡ್ಡಡ್ಡ ಉಜ್ಜಿದರೆ ಫಿನ್ನು ಮಡಚಿಕೊಳ್ಳುತ್ತೆ. ಒಣಗಿದ್ದನ್ನು ತೆಗೀದೆ ನೀರು ಬಿಟ್ಟರೆ ಧೂಳು ಕೆಸರಾಗಿ ಇನ್ನಷ್ಟು ಒಳಗೆ ಹೋಗಿ ಕೂರುತ್ತೆ. ಆಮೇಲೆ ಎಂಜಿನ್ ಕಡೆಯಿಂದ ಮುಂದಕ್ಕೆ, ಅಂದ್ರೆ ಗಾಳಿ ಬರೋ ದಿಕ್ಕಿಗೆ ಎದುರಾಗಿ, ಮನೆ ನಲ್ಲಿಯ ಪೈಪಿನಿಂದ ನೀರು ಹಾಯಿಸಿ. ಜಿಡ್ಡಿದ್ದರೆ 5 ಲೀಟರ್ ಉಗುರುಬೆಚ್ಚನೆ ನೀರಿಗೆ ಎರಡು ಚಮಚ ಪಾತ್ರೆ ತೊಳೆಯೋ ದ್ರವ ಕಲಸಿ ಸಿಂಪಡಿಸಿ. ಹತ್ತು ನಿಮಿಷ ಬಿಟ್ಟು, ಒಣಗೋಕೆ ಮುಂಚೆ ತೊಳೆದುಬಿಡಿ. ಆಚೆ ಬರೋ ನೀರು ತಿಳಿಯಾಗೋವರೆಗೆ ಮುಂದುವರಿಸಿ. ಕಂಡೆನ್ಸರನ್ನೂ ಸಂದಿನ ಒಳಗಿನಿಂದ ಗ್ರಿಲ್ ಕಡೆಗೆ ತೊಳೀರಿ.

ವಾಲ್ವ್‌ಕವರ್
ಪ್ರೆಷರ್ ವಾಷರ್‌ನಲ್ಲಿ ಐದು ನಿಮಿಷದ ಕೆಲಸಕ್ಕೆ ಇಷ್ಟೆಲ್ಲಾ ಯಾಕೆ? ದೂರದಿಂದ, ನೇರವಾಗಿ ಹಿಡಿದರೆ ಏನೂ ಆಗಲ್ಲ.

ಹನ್ನೆರಡರ ಪಾನ
ನೇರವಾಗಿ ಹಿಡಿಯೋಕೆ ಜಾಗ ಎಲ್ಲಿದೆ ಗುರು? ಕವಚ, ಹೋಸು, ಬ್ರಾಕೆಟ್ ನಡುವೆ ನಳಿಗೆ ಓರೆಯಾಗೇ ಹೋಗೋದು. ಫಿನ್ನಿನ ದಪ್ಪ 0.1 ಮಿಲಿಮೀಟರ್ ಸುಮಾರು. ಓರೆ ನೀರು ಬಿದ್ದ ಕಡೆ ಮಲಗಿಬಿಡುತ್ತೆ, ಮಲಗಿದ ಫಿನ್ನು ಗಾಳಿಗೆ ಗೋಡೆ. ಅಂಗೈ ಅಗಲ ಮಲಗಿತು ಅಂದ್ರೆ ಅಷ್ಟು ಜಾಗದ ರೇಡಿಯೇಟರ್ ಇಲ್ಲ ಅಂತಲೇ ಲೆಕ್ಕ. ಮಲಗಿದ್ದನ್ನು ಫಿನ್ ಬಾಚಣಿಗೆಯಿಂದ ಎತ್ತಬಹುದು, ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿಯೂ ಆಗುತ್ತೆ. ಸ್ಕ್ರೂಡ್ರೈವರ್ ಬೇಡ, ಟ್ಯೂಬಿಗೆ ತಗುಲಿ ತೂತಾಗುತ್ತೆ. ಕಂಪ್ರೆಸರ್ ಗಾಳಿ ಬಳಸೋದಾದರೆ 2 ಬಾರ್ ಒಳಗಿರಲಿ, ಒಂದು ಗೇಣು ದೂರದಿಂದ.

ತಂಪುನೀರು
ಬಾತ್‌ರೂಮ್ ಆಸಿಡ್, ಕಾಸ್ಟಿಕ್ ಇರೋ ಡೀಗ್ರೀಸರ್ ಎರಡೂ ನಿಷಿದ್ಧ. ಅಲ್ಯೂಮಿನಿಯಂ ಆಮ್ಲಕ್ಕೂ ಕರಗುತ್ತೆ, ಕ್ಷಾರಕ್ಕೂ ಕರಗುತ್ತೆ. ನೊರೆ ಬಂದು ಫಿನ್ನು ಬೆಳ್ಳಗಾದರೆ ಕೊಳೆ ಬಿಡ್ತಿದೆ ಅಂತ ಖುಷಿಪಡೋರಿದ್ದಾರೆ. ಬಿಡ್ತಿರೋದು ಲೋಹ.

ವಾಪಸ್ ಜೋಡಿಸುವಾಗ ರೇಡಿಯೇಟರ್ ಸುತ್ತಲಿನ ಫೋಮ್ ಪಟ್ಟಿ, ರಬ್ಬರ್ ತಡಿಕೆ ಒಂದನ್ನೂ ಬಿಡಬೇಡಿ. ಅವು ಇಲ್ಲದಿದ್ದರೆ ಎಂಜಿನ್ ಕಡೆಯ ಬಿಸಿ ಗಾಳಿ ಬದಿಯಿಂದ ಸುತ್ತಿ ಮತ್ತೆ ಮುಂದಕ್ಕೆ ಬರುತ್ತೆ, ನಿಂತಾಗ ಫ್ಯಾನ್ ಅದನ್ನೇ ಮತ್ತೆ ಎಳೆಯುತ್ತೆ. ಕವಚ ಇಲ್ಲದ ಫ್ಯಾನ್ ತನ್ನ ವೃತ್ತದಷ್ಟು ಜಾಗದಿಂದ ಮಾತ್ರ ಗಾಳಿ ಎಳೆಯುತ್ತೆ, ನಾಲ್ಕು ಮೂಲೆ ಸುಮ್ಮನೆ ಕೂತಿರ್ತವೆ.

ಸೈಡ್‌ಮಿರರ್
ಇದೇ ಎಳೆಯಲ್ಲಿ ಕೇಳಿಬಿಡ್ತೀನಿ. ಕೂಲೆಂಟ್ ಕಂದು ಬಣ್ಣಕ್ಕೆ ತಿರುಗಿ ಟ್ಯಾಂಕಿನ ತಳದಲ್ಲಿ ಗಸಿ ಕೂತಿದ್ದರೆ? ಏರು ಹತ್ತುವಾಗ 108, ಹೋಸ್ ಅಂತರ 24.

ತಂಪುನೀರು
ನಿಮ್ಮದಕ್ಕೆ ಒಳಗಿನ ಫ್ಲಶ್ ಬೇಕು. ಮೊದಲು ಗಸಿ ಬೆರಳಿಗೆ ಹಚ್ಚಿ ನೋಡಿ. ಮರಳಿನಂತೆ ತರಿತರಿಯಾಗಿ ಕೆಂಪಗಿದ್ದರೆ ತುಕ್ಕು. ಬಿಳಿ ಹಕ್ಕಳೆ ಆದರೆ ಗಡಸು ನೀರು ಹಾಕಿದ್ದರ ಫಲ. ಲೋಳೆಯಂತಿದ್ದರೆ ಒಂದಕ್ಕೊಂದು ಹೊಂದದ ಎರಡು ಕೂಲೆಂಟ್ ಬೆರೆತಿವೆ. ಕಾಫಿಗೆ ಹಾಲು ಹಾಕಿದ ಬಣ್ಣದ ಜಿಡ್ಡಾದರೆ ಎಣ್ಣೆ ಸೇರಿದೆ, ಅಂದ್ರೆ ಆಯಿಲ್ ಕೂಲರ್ ಅಥವಾ ಹೆಡ್ ಗ್ಯಾಸ್ಕೆಟ್ (ಹೆಡ್‌ಗೂ ಎಂಜಿನ್ ಬ್ಲಾಕಿಗೂ ನಡುವಿನ ಪದರ) ಕೆಟ್ಟಿದೆ. ಅದನ್ನು ಸರಿಮಾಡದೆ ಎಷ್ಟು ತೊಳೆದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗೆ.

ತಣ್ಣಗಿದ್ದಾಗ ಮುಚ್ಚಳ ತೆಗೆದು ಕೆಳಗಿನ ಡ್ರೈನ್ ಬಿಚ್ಚಿ, ಬಂದದ್ದನ್ನು ಅಳತೆ ಇರೋ ಡಬ್ಬದಲ್ಲಿ ಹಿಡೀರಿ. ಈ ಅಳತೆ ಆಮೇಲೆ ಬೇಕಾಗುತ್ತೆ. ಕೂಲೆಂಟಿನಲ್ಲಿರೋ ಗ್ಲೈಕಾಲ್ ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯ್ತವೆ. ಮೋರಿಗೆ ಸುರೀಬೇಡಿ, ಹಳೇ ಕೂಲೆಂಟ್ ತಗೊಳ್ಳೋ ವರ್ಕ್‌ಶಾಪಿಗೆ ಕೊಡಿ. ಡ್ರೈನ್ ಮುಚ್ಚಿ, ಡಿಸ್ಟಿಲ್ಡ್ ನೀರು ತುಂಬಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಎಂಜಿನ್ ಓಡಿಸಿ. ಥರ್ಮೋಸ್ಟಾಟ್ ತೆರೆದು ಕೆಳಗಿನ ಹೋಸ್ ಬಿಸಿಯಾದ ಮೇಲೆ ಹತ್ತು ನಿಮಿಷ ಬಿಡಿ. ಆಫ್ ಮಾಡಿ, ತಣಿಸಿ, ಡ್ರೈನ್ ಬಿಚ್ಚಿ ನೀರು ಹೊರಬಿಡಿ. ತಣಿಸೋ ಹೊತ್ತು ಉಳಿಸೋಕೆ ಬಿಸಿ ಎಂಜಿನ್ನಿಗೆ ತಣ್ಣೀರು ಹೊಯ್ದರೆ ಹೆಡ್ ಬಿರುಕು ಬಿಡಬಹುದು. ತಿಳಿ ನೀರು ಬರೋವರೆಗೆ ಹೀಗೆ ಮೂರು ನಾಲ್ಕು ಸಲ.

ಲೆಕ್ಕಾಚಾರಿ
ಕೊನೆಯ ತುಂಬುವಿಕೆಯಲ್ಲಿ ಆಗೋ ತಪ್ಪು ಹೇಳ್ತೀನಿ. ಡ್ರೈನ್ ಬಿಚ್ಚಿದರೆ ರೇಡಿಯೇಟರ್ ಖಾಲಿಯಾಗುತ್ತೆ, ಎಂಜಿನ್ ಬ್ಲಾಕ್ ಮತ್ತು ಹೀಟರ್ ಕೋರ್ (ಕಾರಿನೊಳಗೆ ಬಿಸಿ ಗಾಳಿ ಕೊಡೋ ಸಣ್ಣ ರೇಡಿಯೇಟರ್) ಆಗಲ್ಲ. ಮ್ಯಾನುಯಲ್‌ನಲ್ಲಿ ಒಟ್ಟು 6 ಲೀಟರ್ ಅಂತಿದೆ, ಹೊರಬಂದದ್ದು 4 ಅಂದುಕೊಳ್ಳಿ. 2 ಲೀಟರ್ ಬರೀ ನೀರು ಒಳಗೇ ಇದೆ. ಈಗ ಅರ್ಧರ್ಧ ಬೆರೆಸಿದ ರೆಡಿ ಕೂಲೆಂಟ್ 4 ಲೀಟರ್ ಹಾಕಿದರೆ ಒಟ್ಟು ಕೂಲೆಂಟ್ ಅಂಶ 2 ಲೀಟರ್, ಶೇ 50 ಅಲ್ಲ, ಶೇ 33. ತುಕ್ಕು ತಡೆಯೋ ರಾಸಾಯನಿಕವೂ ಅಷ್ಟೇ ಕಡಿಮೆ. ಸರಿಯಾದ ದಾರಿ: 3 ಲೀಟರ್ ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲೆಂಟ್) ಮೊದಲು, ಮೇಲೆ 1 ಲೀಟರ್ ಡಿಸ್ಟಿಲ್ಡ್ ನೀರು. ಓಡಿಸಿ ಬೆರೆತ ಮೇಲೆ ಮಿಶ್ರಣದ ಪ್ರಮಾಣ ತೋರಿಸೋ ರಿಫ್ರಾಕ್ಟೋಮೀಟರ್‌ನಲ್ಲಿ ಒಂದು ಹನಿ ನೋಡಿ. ಎಥಿಲೀನ್ ಗ್ಲೈಕಾಲ್ ಅರ್ಧರ್ಧ ಇದ್ದರೆ ಹೆಪ್ಪುಗಟ್ಟೋ ಬಿಂದು ಮೈನಸ್ 37ರ ಹತ್ತಿರ ತೋರಿಸಬೇಕು.

ಬಣ್ಣ ನೋಡಿ ಕೂಲೆಂಟ್ ಕೊಳ್ಳಬೇಡಿ. ಹಸಿರು, ಕೆಂಪು, ಗುಲಾಬಿಗೆ ಯಾವ ಒಪ್ಪಿತ ನಿಯಮವೂ ಇಲ್ಲ, ಅದು ಬರೀ ಡೈ. ಮ್ಯಾನುಯಲ್‌ನ ಸ್ಪೆಸಿಫಿಕೇಷನ್ ನಂಬರ್ ಡಬ್ಬದ ಮೇಲಿದೆಯಾ ನೋಡಿ.

ವಾಲ್ವ್‌ಕವರ್
ತುಕ್ಕಿಗೆ ಸಿಟ್ರಿಕ್ ಆಮ್ಲ ಹಾಕಿದರೆ ಬೇಗ ಬಿಡುತ್ತಲ್ಲ?

ತಂಪುನೀರು
ಬಿಡುತ್ತೆ. ಆದರೆ ಅಲ್ಯೂಮಿನಿಯಂ ಟ್ಯೂಬಿನ ಗೋಡೆ ಕಾಲು ಮಿಲಿಮೀಟರ್ ಆಸುಪಾಸು. ಹಳೇ ರೇಡಿಯೇಟರಲ್ಲಿ ಎಷ್ಟೋ ಕಡೆ ಸೋರಿಕೆಯನ್ನು ಹಿಡಿದಿಟ್ಟಿರೋದು ಆ ಹಕ್ಕಳೆಯೇ. ಬರೀ ನೀರಿನಲ್ಲಿ ಮೂರು ಸಲ ಮಾಡಿ, ಮತ್ತೆ ಹೋಸ್ ಅಂತರ ಅಳೆದು, ಇಳಿಯದಿದ್ದರೆ ಮಾತ್ರ ಅಲ್ಯೂಮಿನಿಯಂಗೆ ಆಗುತ್ತೆ ಅಂತ ಬರೆದಿರೋ ಫ್ಲಶ್ ದ್ರವ ಹಾಕಿ. ಡಬ್ಬದ ಮೇಲಿನ ಸಮಯಕ್ಕಿಂತ ಒಂದು ನಿಮಿಷವೂ ಹೆಚ್ಚು ಬಿಡಬೇಡಿ. ಅದಕ್ಕೂ ಬಗ್ಗದಿದ್ದರೆ ಇನ್‌ಫ್ರಾರೆಡ್‌ನಲ್ಲಿ ರೇಡಿಯೇಟರ್ ಮೈಯನ್ನು ಪಟ್ಟಿ ಪಟ್ಟಿಯಾಗಿ ನೋಡಿ (ಹೊಳಪಿದ್ದರೆ ಮೇಲೆ ಹೇಳಿದಂತೆ ಕಪ್ಪು ಟೇಪ್ ಅಂಟಿಸಿ). ಸುತ್ತಲೂ 85 ಇದ್ದು ನಡುವೆ ಒಂದು ಪಟ್ಟಿ 50 ಅಂದ್ರೆ ಆ ಟ್ಯೂಬುಗಳು ಮುಚ್ಚಿಹೋಗಿವೆ. ಹೊಸ ರೇಡಿಯೇಟರೇ ಗತಿ. ಸೋರಿಕೆ ನಿಲ್ಲಿಸೋ ಪುಡಿ ಹಿಂದೆ ಯಾರಾದರೂ ಹಾಕಿದ್ದರೆ ಹೀಗೇ ಆಗೋದು. ಹೀಟರ್ ಕೋರಿನ ಸಣ್ಣ ಟ್ಯೂಬಂತೂ ಮೊದಲೇ ಕಟ್ಟಿಕೊಂಡಿರುತ್ತೆ.

ಹನ್ನೆರಡರ ಪಾನ
ತುಂಬಿದ ಮೇಲೆ ಗಾಳಿ ತೆಗೆಯೋದು ಮರೀಬೇಡಿ. ಗಾಡಿಯ ಮೂತಿ ಏರಿನ ಕಡೆ ಇರಲಿ, ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡೋ ತಿರುಪು) ಇದ್ದರೆ ಗುಳ್ಳೆ ನಿಂತು ಬರೀ ದ್ರವ ಬರೋವರೆಗೆ ತೆರೆದಿಡಿ, ಮೇಲಿನ ಹೋಸನ್ನು ಕೈಯಲ್ಲಿ ಅಮುಕಿ ಅಮುಕಿ ಬಿಡಿ. ಹೊರಬಂದ 4 ಲೀಟರಿಗೆ 3.2 ಮಾತ್ರ ಹಿಡಿಸಿತು ಅಂದ್ರೆ ಉಳಿದ 800 ಮಿಲಿ ಜಾಗದಲ್ಲಿ ಗಾಳಿ ಕೂತಿದೆ. ಗಾಳಿ ತೆಗೆದ ಮೇಲೂ ಗುಳ್ಳೆ ನಿಲ್ಲದೆ ಬರ್ತಿದ್ದರೆ, ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಒಂದೇ ನಿಮಿಷದಲ್ಲಿ ಮೇಲಿನ ಹೋಸ್ ಕಲ್ಲಿನಂತಾದರೆ, ಅದು ಹೆಡ್ ಗ್ಯಾಸ್ಕೆಟ್ ದಾಟಿ ಬರ್ತಿರೋ ಹೊಗೆ. ಆ ಹೊಗೆ ಪತ್ತೆಹಚ್ಚೋ ಬ್ಲಾಕ್ ಟೆಸ್ಟರ್‌ನ ನೀಲಿ ದ್ರವ ಹಳದಿಯಾದರೆ ಖಾತ್ರಿ.

ಬಾನೆಟ್‌ಬಾಗಿಲು
ಸಂದಿನಲ್ಲಿ ನೀವು ಹೇಳಿದ ಕಂಬಳಿಯೇ ಇತ್ತು, ಕೆಳಗಿನ ಒಂದು ಗೇಣು ಪೂರ್ತಿ. ಬ್ರಷ್, ಸೋಪು ನೀರು, ಹಿಂದಿನಿಂದ ಮುಂದಕ್ಕೆ. ಈಗಿನ ಅಂಕಿ: ಎಸಿ ಹಾಕಿ ಇಪ್ಪತ್ತು ನಿಮಿಷ ನಿಂತರೆ 97, ಏರಿಲ್ಲ. ಪೇಪರ್ ಕೆಳಗೂ ಅಂಟುತ್ತೆ. ಒಂದೇ ಸಂಶಯ: ರಾತ್ರಿ ತಣಿದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿತ್ತು.

ಹನ್ನೆರಡರ ಪಾನ
ಮುಚ್ಚಳ. ಅದರಲ್ಲಿ ಎರಡು ವಾಲ್ವ್ ಇವೆ. ದೊಡ್ಡದು ಒತ್ತಡ ಹಿಡಿಯುತ್ತೆ, ನಡುವಿನ ಸಣ್ಣದು ತಣಿಯುವಾಗ ಟ್ಯಾಂಕಿನಿಂದ ಕೂಲೆಂಟ್ ವಾಪಸ್ ಒಳಗೆ ಬಿಡುತ್ತೆ. ಸಣ್ಣದು ಅಂಟಿಕೊಂಡರೆ ಒಳಗೆ ನಿರ್ವಾತವಾಗಿ ಹೋಸ್ ಚಪ್ಪಟೆಯಾಗುತ್ತೆ. ತಣ್ಣಗಿದ್ದಾಗ ಮುಚ್ಚಳ ತೆಗೆದು ಆ ಸಣ್ಣ ತಟ್ಟೆಯನ್ನು ಉಗುರಲ್ಲಿ ಎಳೆದು ಬಿಡಿ, ಸರಾಗವಾಗಿ ಎದ್ದು ಕೂರಬೇಕು. ಜೊತೆಗೆ ಮುಚ್ಚಳದಿಂದ ಟ್ಯಾಂಕಿಗೆ ಹೋಗೋ ಸಣ್ಣ ಪೈಪ್ ಊದಿ ನೋಡಿ, ಗಸಿ ಕಟ್ಟಿದ್ದರೂ ಹೀಗೇ ಆಗುತ್ತೆ. ಮುಚ್ಚಳ ಬದಲಾಯಿಸೋದಾದರೆ ಹಳೇದರ ಮೇಲೆ ಮುದ್ರೆ ಇರೋ ಅಂಕಿಯದ್ದೇ ತನ್ನಿ. 0.9 ಇದ್ದ ಕಡೆ 1.1 ಹಾಕಿದರೆ ಹಳೇ ಹೋಸು, ಪ್ಲಾಸ್ಟಿಕ್ ಟ್ಯಾಂಕ್ ಬಾಯಿಬಿಡ್ತವೆ.